ತುಟಿಗೆ ಆಸಿಡ್ ಹಚ್ಚುವ ಮುನ್ನ

ನಿಕಾಹ್‌ಗೆ ಇನ್ನು ನಾಲ್ಕೇ ದಿನ. ಮನೆಯಲ್ಲಿ ಮದರಂಗಿಯ ತಯಾರಿ. ಮದುಮಗಳು ಮಾತ್ರ ಬಾಯಿಗೆ ಶಾಲು ಅಡ್ಡ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಗಲ್ಫ್‌ನಿಂದ ಬಂದ ಪೆಟ್ಟಿಗೆಯಲ್ಲಿದ್ದ ಫೇಸ್ ಸೀರಮನ್ನು ಮುಖಕ್ಕೆ ಹಚ್ಚಿ, ಕೈಯಲ್ಲಿ ಉಳಿದದ್ದನ್ನು ಮೂರು ರಾತ್ರಿ ತುಟಿಗೂ ಸವರಿದ್ದಳಂತೆ. "ಉರೀತಿತ್ತು. ಉರಿದ್ರೆ ಕೆಲಸ ಮಾಡ್ತಾ ಉಂಟು ಅಂದ್ಕೊಂಡೆ" ಎಂದಳು. ತುಟಿಯ ಅಂಚು ಕೆಂಪಾಗಿ, ನಡುವೆ ಸಿಪ್ಪೆ ಎದ್ದಿತ್ತು. ಚಹಾ ತಾಗಿದರೂ ಚುರ್ ಎನ್ನುತ್ತಿತ್ತು. ಬಾಟಲಿ ತಿರುಗಿಸಿ ನೋಡಿದರೆ ಗ್ಲೈಕಾಲಿಕ್ ಆಸಿಡ್, ಶೇ. 10.

ಆಸಿಡ್ ಎಂದ ಕೂಡಲೇ ನಮ್ಮ ಉಮ್ಮಂದಿರು ಬಾತ್‌ರೂಮ್ ತೊಳೆಯುವ ಬಾಟಲಿಯನ್ನು ನೆನೆಯುತ್ತಾರೆ. ಇದು ಅದಲ್ಲ. ಗ್ಲೈಕಾಲಿಕ್ ಆಸಿಡ್ ಕಬ್ಬಿನಲ್ಲೂ ಲ್ಯಾಕ್ಟಿಕ್ ಆಸಿಡ್ ಮೊಸರಿನಲ್ಲೂ ಇರುವಂಥದ್ದು. ಚರ್ಮದ ಮೇಲಿನ ಸತ್ತ ಜೀವಕೋಶಗಳ ಹಿಡಿತವನ್ನು ಸಡಿಲಿಸಿ ಉದುರಿಸುವುದು ಇವುಗಳ ಕೆಲಸ. ಮುಖದ ಚರ್ಮ ಇದನ್ನು ತಾಳಿಕೊಳ್ಳುತ್ತದೆ. ತುಟಿಯ ಮೇಲ್ಪದರ ಅದಕ್ಕಿಂತ ಬಹಳ ತೆಳು, ಅದನ್ನು ಕಾಯುವ ಎಣ್ಣೆಯ ಪಸೆಯೂ ಅಲ್ಲಿಲ್ಲ. ಗ್ಲೈಕಾಲಿಕ್‌ನ ಅಣು ಈ ಗುಂಪಿನಲ್ಲೇ ಅತಿ ಚಿಕ್ಕದು, ಬೇಗ ಒಳಗಿಳಿಯುತ್ತದೆ. ಮುಖದ ಬಾಟಲಿ ತುಟಿಗೆ ಬೇಡ ಎನ್ನುವುದು ಇದಕ್ಕೇ. ಮುಖಕ್ಕೆ ಹಚ್ಚುವಾಗಲೂ ತುಟಿಗೆ ಮೊದಲೇ ವ್ಯಾಸಲೀನ್ ಸವರಿಕೊಂಡರೆ ಹರಿದು ಬಂದದ್ದು ತಾಗುವುದಿಲ್ಲ.

ಬೇಕೇ ಬೇಕೆಂದಾದರೆ ತುಟಿಗೆಂದೇ ತಯಾರಿಸಿದ, ಲ್ಯಾಕ್ಟಿಕ್ ಆಸಿಡ್ ಇರುವಂಥದ್ದು ವಾಸಿ. ಅದು ಮೆದು, ತೇವ ಹಿಡಿದಿಡುವ ಗುಣವೂ ಉಂಟು. ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದೆರಡು ದಿನ ನೋಡಿ. ಆಮೇಲೆ ವಾರಕ್ಕೊಮ್ಮೆ, ರಾತ್ರಿ, ಊಟವೆಲ್ಲ ಮುಗಿದ ಮೇಲೆ. ಡಬ್ಬಿಯಲ್ಲಿ ಬರೆದ ಹೊತ್ತಿಗಿಂತ ಒಂದು ನಿಮಿಷವೂ ಜಾಸ್ತಿ ಬೇಡ. ತೊಳೆದು ದಪ್ಪಗೆ ವ್ಯಾಸಲೀನ್ ಹಚ್ಚಿ. ನಾಲಿಗೆಯಿಂದ ತುಟಿ ಸವರುವ ಅಭ್ಯಾಸವಿದ್ದವರು, ಮಕ್ಕಳು ಇದರ ತಂಟೆಗೇ ಹೋಗಬಾರದು. ಉರಿ ಬಂತೋ, ಆಗಲೇ ತೊಳೆಯಿರಿ.

"ಇದೆಲ್ಲ ಯಾಕೆ, ನಿಂಬೆಹುಳಿ-ಸಕ್ಕರೆ ಉಜ್ಜಿದ್ರೆ ಸಾಕು" ಎನ್ನುವವರೂ ಇದ್ದಾರೆ. ನಿಂಬೆರಸವೂ ಆಸಿಡೇ! ಅದರ ಪಿಎಚ್ ಸುಮಾರು 2, ಎಷ್ಟೋ ಸೀರಮ್‌ಗಳಿಗಿಂತ ಖಾರ. ಸಾಲದ್ದಕ್ಕೆ ಸಕ್ಕರೆ ಕಾಳು ಗೀರುತ್ತದೆ.

ಇನ್ನು ಬಿಸಿಲು. ಆಸಿಡ್ ತಾಗಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಬಳಕೆ ನಿಲ್ಲಿಸಿದ ಮೇಲೂ ಒಂದು ವಾರ ಎಚ್ಚರ ಬೇಕೆಂದು ಅಮೆರಿಕದ ಎಫ್‌ಡಿಎ ಹೇಳುತ್ತದೆ. ಹಗಲು ಎಸ್‌ಪಿಎಫ್ 30 ಇರುವ ಲಿಪ್ ಬಾಮ್ ಇರಲಿ. ನಮ್ಮ ಕಡೆಯ ಮೈಬಣ್ಣದಲ್ಲಿ ಚರ್ಮ ಕೆರಳಿದರೆ ಕಪ್ಪು ಕಲೆ ಉಳಿಯುವುದು ಜಾಸ್ತಿ. ತುಟಿಯನ್ನು ಗುಲಾಬಿ ಮಾಡಲು ಹೋದವರಿಗೆ ಇನ್ನಷ್ಟು ಕಪ್ಪಾಗುವುದು ಹೀಗೆ.

ತುಟಿ ಒಡೆದಿದ್ದರೆ, ನೀರುಗುಳ್ಳೆ ಇದ್ದರೆ, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಆಸಿಡ್ ಬೇಡವೇ ಬೇಡ. ಉಪವಾಸದ ತಿಂಗಳಲ್ಲಿ ಒಣಗಿ ಸಿಪ್ಪೆ ಏಳುವ ತುಟಿಗೆ ಬೇಕಾದದ್ದು ನೀರು ಮತ್ತು ಪಸೆ.

ಆ ಹುಡುಗಿ ಎಲ್ಲವನ್ನೂ ನಿಲ್ಲಿಸಿ ನಾಲ್ಕು ದಿನ ಬರೀ ವ್ಯಾಸಲೀನ್ ಹಚ್ಚಿದಳು. ಸಿಪ್ಪೆ ಹೋಯಿತು. ಮೇಕಪ್‌ನವಳು ಮ್ಯಾಟ್ ಲಿಪ್‌ಸ್ಟಿಕ್ ಬದಿಗಿಟ್ಟು ಕ್ರೀಮಿನದ್ದು ಹಚ್ಚಿದಳು, ಫೋಟೊದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಂಚಿನ ಕಪ್ಪು ಮಾತ್ರ ಎರಡು ತಿಂಗಳು ಹಾಗೇ ಇತ್ತು.