ಕೋವಿ ಹೆಗಲ ಮೇಲೋ, ಚೀಲದೊಳಗೋ?

ಭತ್ತ ಹಾಲುಗಟ್ಟುತ್ತಿದ್ದಂತೆ ಮಲೆನಾಡಿನಲ್ಲಿ ಹಂದಿಯ ಕಾಟ ಆರಂಭವಾಗುತ್ತದೆ. ಅಟ್ಟದ ಕೋವಿ ಕೆಳಗಿಳಿಯುತ್ತದೆ. ಎರಡು ವರ್ಷಗಳ ಹಿಂದೆ ನಮ್ಮ ಹೋಬಳಿಯ ರೈತರೊಬ್ಬರು ರಿಪೇರಿಗೆಂದು ಕೋವಿಯನ್ನು ಹೆಗಲಿಗೇರಿಸಿ ಸಂತೆಯ ದಿನವೇ ಪೇಟೆಗೆ ಹೋದರು. ಲೈಸೆನ್ಸು ಜೇಬಿನಲ್ಲೇ ಇತ್ತು. ಆದರೂ ಕೋವಿ ಪೊಲೀಸರ ವಶವಾಯಿತು. ಅದು ಮರಳಿ ಬರುವಷ್ಟರಲ್ಲಿ ಕೆಳಗಿನ ಗದ್ದೆಯ ಅರ್ಧ ಪೈರು ಹಂದಿಯ ಪಾಲಾಗಿತ್ತು. "ಮುಚ್ಚಿಕೊಂಡು ಹೋಗುವುದು ಕಳ್ಳರ ಕೋವಿ, ನನ್ನದಕ್ಕೇಕೆ ಮುಸುಕು?" ಎಂದು ಅವರು ಈಗಲೂ ಕೇಳುತ್ತಾರೆ.

ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಕಣ್ಣಿಗೆ ಕಾಣುವ ಕೋವಿಯಿಂದ ಎದುರಿಗಿರುವವರು ಎಚ್ಚರದಿಂದಿರುತ್ತಾರೆ. ಅಡಗಿಸಿದ ಕೋವಿಯ ಸುಳಿವು ಯಾರಿಗೂ ಇರುವುದಿಲ್ಲ. ಆದರೆ 2016ರ ಆಯುಧ ನಿಯಮಗಳು ಬೇರೆ ದಾರಿ ಹಿಡಿದಿವೆ. ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಅದಕ್ಕೆಂದೇ ಮಾಡಿದ ಅಥವಾ ಹೊಂದಿಸಿಕೊಂಡ ಚೀಲದಲ್ಲಿಟ್ಟು, ಪೂರ್ತಿ ಮುಚ್ಚಿ, ತನ್ನ ಹತೋಟಿಯಲ್ಲೇ ಒಯ್ಯತಕ್ಕದ್ದು. ಝಳಪಿಸುವಂತಿಲ್ಲ, ಹಾರಿಸುವಂತಿಲ್ಲ. ತಪ್ಪಿದರೆ ಪರವಾನಗಿಯೇ ರದ್ದಾಗಬಹುದು. ಸಂತೆಯ ನೂಕುನುಗ್ಗಲಿನಲ್ಲಿ, ಬಸ್ಸಿನಲ್ಲಿ ಬರಿ ಕೋವಿಯನ್ನು ಯಾರೂ ಕಸಿದುಕೊಳ್ಳಬಹುದು. ಆದ್ದರಿಂದ ಪೇಟೆಯ ಮಟ್ಟಿಗೆ ಈ ನಿಯಮ ಸರಿಯೆಂದೇ ನನ್ನ ಎಣಿಕೆ. ಮನೆ ಒಂದು ಕಡೆ, ಗದ್ದೆ ರಸ್ತೆಯ ಆಚೆ ಇರುವವರಿಗೆ ಮಾತ್ರ ಇದು ತೊಡಕು. ಅಂಥವರು ದಪ್ಪ ಗೋಣಿಯನ್ನು ಕೋವಿಯ ಉದ್ದಕ್ಕೆ ಹೊಲಿಸಿ ಬಾಯಿಗೆ ದಾರ ಕಟ್ಟಿಸಿಕೊಳ್ಳುವುದು ಲೇಸು.

ಚೀಲಕ್ಕೆ ಹಾಕುವ ಮುನ್ನ ತೋಟೆ ಕೋವಿಯಾದರೆ ತೋಟೆಗಳನ್ನು ತೆಗೆಯಿರಿ. ಕೇಪಿನ ಕೋವಿಯ ವಿಷಯ ಹಾಗಲ್ಲ. ನಳಿಗೆಯಲ್ಲಿ ಗಿಡಿದ ಮದ್ದು ಸುಲಭವಾಗಿ ಹೊರಬಾರದು. ಕೇಪು ತೆಗೆದರೂ ಅದನ್ನು ತುಂಬಿದ ಕೋವಿಯೆಂದೇ ಎಣಿಸಬೇಕು, ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು. ಗದ್ದೆ ತಲುಪುವವರೆಗೆ ಮದ್ದು ತುಂಬದಿರುವುದೇ ಉತ್ತಮ.

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ನಡೆಯುತ್ತದೆ. ತಂದೆಯ ಹೆಸರಿನ ಕೋವಿಯನ್ನು ಮಗ ಒಯ್ಯುತ್ತಾನೆ. ರಿಪೇರಿಗೆ ಅಥವಾ ಪರವಾನಗಿಯ ನವೀಕರಣಕ್ಕೆ ಒಯ್ಯುವುದಾದರೆ 1959ರ ಆಯುಧ ಅಧಿನಿಯಮದಲ್ಲಿ ಅವಕಾಶವುಂಟು. ಆದರೆ ತಂದೆ ಜೊತೆಗಿರಬೇಕು, ಇಲ್ಲವೇ ಅವರು ಬರೆದುಕೊಟ್ಟ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ಪರವಾನಗಿಯಿಲ್ಲದೆ ಕೋವಿ ಒಯ್ದವರಿಗೆ 2019ರ ತಿದ್ದುಪಡಿಯ ನಂತರ ಶಿಕ್ಷೆ 2ರಿಂದ 5 ವರ್ಷ ಸೆರೆವಾಸ. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು; ಒಬ್ಬರಿಗೆ ಎರಡೇ ಕೋವಿ ಎಂದೂ ಮಿತಿಗೊಳಿಸಿತು.

ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯುಂಟು. 1861ರಲ್ಲಿ ಆರಂಭವಾದ ಈ ಪದ್ಧತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಜಾತಿ, ಹಿಡುವಳಿ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧವೆಂಬ ವಾದವನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಒಪ್ಪಲಿಲ್ಲ. ನೆರೆ ಜಿಲ್ಲೆಯ ರೈತರು ಇದನ್ನು ತಮಗೂ ಅನ್ವಯವೆಂದು ಭಾವಿಸಬಾರದು.

ಪರವಾನಗಿ ಕೋವಿಗೆ ಮಾತ್ರ, ಹಂದಿಗಲ್ಲ. ಬೆದರಿಸಿ ಓಡಿಸುವುದು ಬೇರೆ, ಕೊಲ್ಲುವುದು ಬೇರೆ. ಕೊಲ್ಲಲು ವನ್ಯಜೀವಿ ಕಾಯಿದೆಯಂತೆ ಅಧಿಕಾರಿಗಳ ಲಿಖಿತ ಅನುಮತಿ ಬೇಕು.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಹೇಳುವುದುಂಟು. ಪೈರು ನಿಂತಿರುವಾಗ ಇದು ದೊಡ್ಡ ಸಂಕಟ. ಯಾರ ಕೋವಿ ಇಡಿಸಬೇಕೆಂದು ಪರಿಶೀಲಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿಯಿರುತ್ತದೆ. ಪಹಣಿ, ಪರವಾನಗಿಯ ಪ್ರತಿಗಳೊಡನೆ ಬೆಳೆಯ ಸ್ಥಿತಿಯನ್ನು ವಿವರಿಸಿ ಮೊದಲೇ ಅರ್ಜಿ ಕೊಡಿ; ಸ್ವೀಕೃತಿಯ ಸಹಿ ಪಡೆಯಿರಿ.