ಬೋರಿಗೆ ಬಂದ ಎಂಜಿನ್ನು, ಉಗುರಿನ ಮೇಸ್ತ್ರಿ

ಮೇಸ್ತ್ರಿಯ ಬಲಗೈ ತೋರುಬೆರಳಿಗೆ ಮಾತ್ರ ಉಗುರಿದೆ. ಉಳಿದ ಒಂಬತ್ತು ಗ್ರೀಸು, ಸೀಮೆಎಣ್ಣೆಗಳಲ್ಲಿ ನೆಂದು ಮೊಂಡಾಗಿ ಹೋಗಿವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿರುವ ಈ ರೀಬೋರಿಂಗ್ ಅಂಗಡಿಗೆ ಯಾರಾದರೂ ಕಾರಿನ ಎಂಜಿನ್ ಬ್ಲಾಕ್ ತಂದಿಳಿಸಿದರೆ ಮೊದಲು ಕೆಲಸಕ್ಕೆ ಬರುವುದು ಗೇಜಲ್ಲ, ಆ ಉಗುರು. ಸಿಲಿಂಡರಿನ ಬಾಯಿಂದ ಅರ್ಧ ಇಂಚು ಕೆಳಗೆ ಒಳಗೋಡೆಗೆ ಉಗುರು ಆನಿಸಿ, ಕಣ್ಣು ಬೇರೆಲ್ಲೋ ಇಟ್ಟು, ಮೆಲ್ಲಗೆ ಮೇಲಕ್ಕೆಳೆಯುತ್ತಾರೆ. ತಡೆಯಿಲ್ಲದೆ ಬಂದರೆ ಗಿರಾಕಿಯ ಪುಣ್ಯ. ನಡುವೆ ಟಕ್ಕೆಂದು ನಿಂತರೆ ಒಂದೇ ಮಾತು: "ಬೋರಿಗೆ ಬಂದಿದೆ ಸಾರ್." ಅಂದರೆ ಒಳಗೋಡೆಯನ್ನು ಮತ್ತೆ ಕೊರೆದು ಅಗಲಿಸಿ, ದೊಡ್ಡ ಪಿಸ್ಟನ್ ಹಾಕಬೇಕು.

ಉಗುರಿಗೆ ಸಿಕ್ಕಿದ್ದು ಒಂದು ಮೆಟ್ಟಿಲು. ಪಿಸ್ಟನ್ನಿನ ಮೇಲಿನ ರಿಂಗು ಸಿಲಿಂಡರಿನ ತುದಿಯವರೆಗೆ ಹೋಗುವುದಿಲ್ಲ. ಸ್ವಲ್ಪ ಕೆಳಗೇ ತಿರುಗಿಬಿಡುತ್ತದೆ. ಅಲ್ಲಿಂದ ಮೇಲೆ ಗೋಡೆಯನ್ನು ಯಾವ ರಿಂಗೂ ಮುಟ್ಟಿಲ್ಲ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಅದರ ಕೆಳಗೆ ಕಥೆಯೇ ಬೇರೆ. ಪೆಟ್ರೋಲ್ ಹೊತ್ತಿಕೊಳ್ಳುವ ಹೊತ್ತಿಗೆ ಒತ್ತಡ, ಶಾಖ ಎರಡೂ ವಿಪರೀತ; ಆಯಿಲ್ ತಲುಪುವುದು ಅಲ್ಲೇ ತೀರಾ ಕಡಿಮೆ. ಹಾಗಾಗಿ ಗೋಡೆ ಹೆಚ್ಚು ಸವೆಯುವುದು ಅಲ್ಲಿಯೇ. ಸವೆತವೂ ಸುತ್ತಲೂ ಒಂದೇ ಸಮ ಆಗುವುದಿಲ್ಲ. ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ನು ಒಂದು ಪಕ್ಕಕ್ಕೆ ಒರಗಿಕೊಂಡೇ ಓಡುತ್ತದೆ. ದುಂಡಗಿದ್ದ ಒಳರಂಧ್ರ, ಅಂದರೆ ಬೋರು, ವರ್ಷಗಳ ಮೇಲೆ ಅಂಡಾಕಾರಕ್ಕೆ ತಿರುಗುತ್ತದೆ, ಮೇಲೆ ಅಗಲ, ಕೆಳಗೆ ಕಿರಿದು. ಆಮೇಲೆ ಗಾಡಿ ಆಯಿಲ್ ಕುಡಿಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಹಿಂದಿನವರ ಮುಖಕ್ಕೆ ನೀಲಿ ಹೊಗೆ ಬಿಡುತ್ತದೆ.

ಈ ಹಂತದಲ್ಲಿ ಖರ್ಚು ಉಳಿಸಲು ಬರೀ ರಿಂಗು ಬದಲಾಯಿಸುವವರಿದ್ದಾರೆ. ಅವರ ಮೇಲೆ ಮೇಸ್ತ್ರಿಗೆ ಸಿಟ್ಟು. ಹಳೆಯ ರಿಂಗು ಮೆಟ್ಟಿಲಿನ ಜೊತೆ ತಾನೂ ಸವೆದು ಹೊಂದಿಕೊಂಡಿರುತ್ತದೆ. ಹೊಸ ರಿಂಗಿನ ಅಂಚು ಚೂಪು. ಮೊದಲ ದಿನವೇ ಮೆಟ್ಟಿಲಿಗೆ ಬಡಿದು ಮುರಿಯಬಹುದು. "ಉಗುರು ತಡೀತು ಅಂದ್ಮೇಲೆ ರಿಂಗಿಗೆ ದುಡ್ಡು ಸುರೀಬೇಡಿ" ಎಂದು ಹೇಳಿ ನೋಡುತ್ತಾರೆ. ಗಿರಾಕಿ ಒಪ್ಪದಿದ್ದರೆ ಬ್ಲಾಕನ್ನು ಹಾಗೇ ವಾಪಸ್ ಕಳಿಸುತ್ತಾರೆ. ಬಂದ ಗಿರಾಕಿಯನ್ನು ಹೀಗೆ ಕಳಿಸಿಕೊಟ್ಟರೆ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಅವರ ತಮ್ಮ ಗೊಣಗುವುದೂ ಇದೆ.

ಉಗುರು ಹೌದು ಅಥವಾ ಇಲ್ಲ ಎನ್ನುತ್ತದೆ, ಅಷ್ಟೇ. ಎಷ್ಟು ಎಂದು ಹೇಳಬೇಕಾದದ್ದು ಡಯಲ್ ಗೇಜು. ಒಂದೊಂದು ಸಿಲಿಂಡರಿನಲ್ಲೂ ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಹೀಗೆ ಆರು ಅಳತೆ. ಅಂಗಡಿಯ ಹುಡುಗ ಗೇಜು ಇಳಿಸುವ ಮೊದಲೇ ಮೇಸ್ತ್ರಿ ಒಂದು ಅಂಕಿ ಹೇಳಿಬಿಡುತ್ತಾರೆ. ಇವತ್ತಿಗೂ ಅವರ ಲೆಕ್ಕ ಥೌಗಳಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದಲ್ಲಿ, ಹುಡುಗನದು ಮಿಲಿಮೀಟರಿನಲ್ಲಿ. ಅಂಕಿ ತಾಳೆಯಾಯಿತೋ ಇಲ್ಲವೋ ಎಂದು ಹುಡುಗ ಮೊಬೈಲಿನಲ್ಲಿ ಗುಣಿಸಿ ನೋಡುವಷ್ಟರಲ್ಲಿ ಮೇಸ್ತ್ರಿ ಟೀಗೆ ಹೊರಟಿರುತ್ತಾರೆ.

ಟೌನ್ ಹಾಲಿನಿಂದ ಮಿನರ್ವ ಸರ್ಕಲ್ಲಿನವರೆಗಿನ ಈ ಜೆ.ಸಿ. ರಸ್ತೆಗೆ ನಾಟಕ ನೋಡುವವರು ರವೀಂದ್ರ ಕಲಾಕ್ಷೇತ್ರಕ್ಕೆಂದು ಬರುತ್ತಾರೆ, ಗಾಡಿ ಇರುವವರು ಬಿಡಿಭಾಗಕ್ಕೆಂದು. ಇದರ ಚರಿತ್ರೆ ಕೇಳಿದರೆ ಮೇಸ್ತ್ರಿ ಶುರು ಮಾಡುವುದು ವಿಶ್ವೇಶ್ವರಯ್ಯನವರಿಂದ. ಅವರು ಬೆಂಗಳೂರಿನಲ್ಲೇ ಮೋಟಾರು ಕಾರ್ಖಾನೆ ಆಗಲೆಂದು ಉದ್ಯಮಿ ವಾಲ್‌ಚಂದ್ ಹೀರಾಚಂದರ ಜೊತೆ ಸೇರಿ ಪ್ರಯತ್ನಿಸಿದ್ದು, ಬ್ರಿಟಿಷ್ ಸರ್ಕಾರ ಒಪ್ಪದೆ ಹೋದದ್ದು ನಿಜ. 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದ್ದು ಮುಂಬಯಿಯಲ್ಲಿ. ಅದರ ಫಿಯೆಟ್ಟುಗಳು, ಉತ್ತರಪಾರಾದ ಅಂಬಾಸಿಡರುಗಳು, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡುಗಳು ರಿಪೇರಿಗೆಂದು ಇಲ್ಲಿಗೆ ಬಂದವು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಇದ್ದ ಕಾರನ್ನೇ ಬೋರು ಹೊಡೆಸಿ ಓಡಿಸುವುದು ಮಧ್ಯಮ ವರ್ಗದ ಮನೆಯಲ್ಲಿ ಮದುವೆಯ ಖರ್ಚಿನಂತೆ ಮೊದಲೇ ಎತ್ತಿಡಬೇಕಾದ ಬಾಬತ್ತಾಗಿತ್ತು.

ಕಾರು ತಯಾರಿಸುವವರಿಗೂ ಇದು ಗೊತ್ತಿತ್ತು. ನನಗೆ ಈ ಕಸುಬಿನಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದೇ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಬೋರು ಸುಮಾರು 73 ಮಿ.ಮೀ. ಅದಕ್ಕೆ ಮೂಲ ಅಳತೆಯ ಪಿಸ್ಟನ್ ಮಾತ್ರವಲ್ಲ, ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಥೌ ದೊಡ್ಡದಾದ ಪಿಸ್ಟನ್ನುಗಳೂ ಬರುತ್ತಿದ್ದವು. ಎಂಜಿನ್ ಹುಟ್ಟುವಾಗಲೇ ಅದರ ಗೋಡೆಯಲ್ಲಿ ಮುಂದಿನ ಸವೆತಗಳಿಗೆಂದು ಬೀಡು ಕಬ್ಬಿಣ ಮಿಗಿಸಿಟ್ಟಿದ್ದರು. ನಲವತ್ತೂ ಮುಗಿದ ಮೇಲೆ ಒಳಗೆ ಹೊಸ ಸ್ಲೀವ್ ಒತ್ತಿ ಕೂರಿಸಿ ಮತ್ತೆ ಮೂಲ ಅಳತೆಗೆ ತರಬಹುದಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ 68.5 ಮಿ.ಮೀ. ಬೋರಿಗೂ ಕಾಲು ಮಿಲಿಮೀಟರು, ಅರ್ಧ ಮಿಲಿಮೀಟರು ದೊಡ್ಡ ಪಿಸ್ಟನ್ನು ಸಿಗುತ್ತಿತ್ತು.

ಬೋರಿಂಗ್ ಯಂತ್ರ ಬ್ಲಾಕಿನ ಮೇಲೆ ನೆಟ್ಟಗೆ ಕೂರುತ್ತದೆ. ಅದನ್ನು ಕೇಂದ್ರಕ್ಕೆ ತರುವಾಗ ಮೇಸ್ತ್ರಿ ನಂಬುವುದು ಸವೆದ ಮೇಲ್ಭಾಗವನ್ನಲ್ಲ, ರಿಂಗು ಮುಟ್ಟದ ಬುಡವನ್ನು. ಒಂದೇ ಮೊನೆಯ ಟೂಲು ತಿರುಗುತ್ತ ಇಳಿಯುತ್ತದೆ, ಬೀಡಿನ ಕಪ್ಪು ಪುಡಿ ಉದುರುತ್ತದೆ. ಪೂರ್ತಿ ಅಳತೆಗೆ ಕೊರೆಯುವುದಿಲ್ಲ. ಎರಡು ಮೂರು ಥೌ ಉಳಿಸಿ ಹೋನಿಂಗಿಗೆ ಬಿಡುತ್ತಾರೆ. ತಿರುಗುವ ಸಾಣೆಕಲ್ಲುಗಳನ್ನು ಮೇಲೆ ಕೆಳಗೆ ಆಡಿಸುವ ಆ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಓರೆ ಗೀಟುಗಳು ಮೂಡಬೇಕು. ಕನ್ನಡಿಯ ಹಾಗೆ ನುಣುಪು ಮಾಡಿದರೆ ಆಯಿಲ್ ನಿಲ್ಲುವುದಿಲ್ಲ, ರಿಂಗು ಪಳಗುವುದಿಲ್ಲ. ನಾಲ್ಕು ಸಿಲಿಂಡರಿಗೆ ನಾಲ್ಕು ಪಿಸ್ಟನ್ನು. ಪ್ರತಿಯೊಂದನ್ನೂ ಬೇರೆ ಬೇರೆ ಅಳೆದು, ಅದರದರ ಬೋರನ್ನು ಅದಕ್ಕೇ ಹೊಂದಿಸಿ, ನಂಬರು ಹಾಕುತ್ತಾರೆ. ಆಮೇಲೆ ತೊಳೆಯುವುದು ಸೀಮೆಎಣ್ಣೆಯಲ್ಲಲ್ಲ, ಬಿಸಿನೀರು ಸೋಪಿನಲ್ಲಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಿಳಿಯಾಗಿಯೇ ಬರುವವರೆಗೆ. ಗೀಟುಗಳಲ್ಲಿ ಸಾಣೆಯ ಪುಡಿ ಉಳಿದರೆ ಹೊಸ ರಿಂಗನ್ನು ಅದೇ ತಿನ್ನುತ್ತದೆ.

ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನ ಕೆಲಸ ಹುಡುಗರದು. ವಾಲ್ವಿಗೆ ಪೇಸ್ಟು ಹಚ್ಚಿ, ಕೋಲನ್ನು ಅಂಗೈಗಳ ನಡುವೆ ಹೊಸೆದು ಸೀಟಿಗೆ ಕೂರಿಸುತ್ತಾರೆ. ಪೋರ್ಟಿಗೆ ಸೀಮೆಎಣ್ಣೆ ಹುಯ್ದು ಜಿನುಗುತ್ತದೆಯೇ ನೋಡುತ್ತಾರೆ. ಕ್ರ್ಯಾಂಕು ಪಕ್ಕದ ಅಂಗಡಿಗೆ ಗ್ರೈಂಡಿಂಗಿಗೆ ಹೋಗುತ್ತದೆ, ಕಾಲು ಮಿಲಿಮೀಟರು ಸಣ್ಣದಾಗಿ, ಅದಕ್ಕೆ ತಕ್ಕ ಬೇರಿಂಗಿನ ಜೊತೆ ಮರಳುತ್ತದೆ. ಮೂಲೆಯ ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿಯದು. 1941ರಲ್ಲಿ ಆರಂಭವಾದ ಆ ಕಾರ್ಖಾನೆ ಮುಚ್ಚಿಹೋಗಿದೆ, ಲೇತು ಓಡುತ್ತಿದೆ.

ಬೋರು ಹೊಡೆಸಿದ ಕಾರಿನ ಹಿಂದಿನ ಗಾಜಿಗೆ 'ರನ್ನಿಂಗ್ ಇನ್' ಎಂದು ಚೀಟಿ ಅಂಟಿಸುತ್ತಿದ್ದ ಕಾಲ ನಲವತ್ತು ದಾಟಿದವರಿಗೆ ನೆನಪಿರಬೇಕು. ಮೊದಲ ಸಾವಿರ ಕಿಲೋಮೀಟರು ನಿಧಾನ; ಹಿಂದಿನವರು ಹಾರ್ನ್ ಹೊಡೆಯುತ್ತಿರಲಿಲ್ಲ. ಈಗ ಚೀಟಿಯೂ ಇಲ್ಲ, ಆ ತಾಳ್ಮೆಯೂ ಇಲ್ಲ.

ಕಸುಬು ಇಳಿಮುಖವಾಗಲು ಹುಡುಗರ ಸೋಮಾರಿತನ ಕಾರಣ ಎಂದು ಮೇಸ್ತ್ರಿ ಹೇಳುತ್ತಾರೆ. ನಾನು ಒಪ್ಪಲಾರೆ. ಆಯಿಲ್ ಸುಧಾರಿಸಿದೆ, ಏರ್ ಫಿಲ್ಟರ್ ಸುಧಾರಿಸಿದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಇಂದಿನ ಎಂಜಿನ್ನು ಎರಡು ಲಕ್ಷ ಕಿಲೋಮೀಟರಾದರೂ ಬಿಚ್ಚುವ ಪ್ರಮೇಯ ಬರದೆ ಓಡಬಹುದು. ಅದು ಒಳ್ಳೆಯದೇ. ಆದರೆ ಅಕಸ್ಮಾತ್ ಆಯಿಲ್ ಖಾಲಿಯಾಗಿ ಗೋಡೆ ಗೀರಿಕೊಂಡರೆ? ಅಲ್ಯೂಮಿನಿಯಂ ಬ್ಲಾಕು, ತೆಳು ಲೈನರು, ಕೆಲವದರಲ್ಲಿ ಲೈನರಿನ ಬದಲು ಬರೀ ಲೇಪ. ಕೊರೆಯಲು ಮಿಗಿಸಿಟ್ಟ ಲೋಹವಿಲ್ಲ, ಎಷ್ಟೋ ಎಂಜಿನ್ನುಗಳಿಗೆ ದೊಡ್ಡ ಅಳತೆಯ ಪಿಸ್ಟನ್ನನ್ನೇ ಕಂಪನಿ ಕೊಡುವುದಿಲ್ಲ. ಸರ್ವಿಸ್ ಸೆಂಟರಿನವರು ಅರ್ಧ ಎಂಜಿನ್ನನ್ನೇ ಬದಲಿಸಿ ಎನ್ನುತ್ತಾರೆ. ಹಳೆಯ ಕಾರಿಗೆ ಆ ಬಿಲ್ಲು ಕಾರಿನ ಬೆಲೆಗೆ ಹತ್ತಿರ ಬರುತ್ತದೆ. ಮೇಸ್ತ್ರಿಯ ಕೈಯಲ್ಲಿ ವಿದ್ಯೆ ಹಾಗೇ ಇದೆ, ಎದುರಿಗೆ ಬರುವ ಎಂಜಿನ್ನು ಅದಕ್ಕೆ ಜಾಗ ಕೊಡುತ್ತಿಲ್ಲ. ಪಿಸ್ಟನ್ನೇ ಇಲ್ಲದ ಎಲೆಕ್ಟ್ರಿಕ್ ಕಾರು ರೇವಾ 2001ರಲ್ಲಿ ಇದೇ ಊರಿನಿಂದ ರಸ್ತೆಗಿಳಿದದ್ದೂ ಅವರಿಗೆ ಗೊತ್ತು. ಆ ಸುದ್ದಿ ತೆಗೆದರೆ ಮಾತು ಬದಲಿಸುತ್ತಾರೆ.

ಈಗ ಅಂಗಡಿ ನಡೆಯುವುದು ಆಟೋ, ಟ್ರ್ಯಾಕ್ಟರು, ಜನರೇಟರುಗಳಿಂದ. ಹಳೆಯ ಕಾರು ಇಟ್ಟುಕೊಂಡ ಶೋಕಿಯವರೂ ಬರುತ್ತಾರೆ, ಚೌಕಾಸಿ ಮಾಡದೆ ಕೊಡುತ್ತಾರೆ. ಆದರೆ ಆ ಕಾರುಗಳು ಭಾನುವಾರ ಬೆಳಗ್ಗೆ ಮಾತ್ರ ಓಡುವುದರಿಂದ ಮತ್ತೆ ಬೋರಿಗೆ ಬರುವಷ್ಟು ಸವೆಯುವುದೇ ಇಲ್ಲ.

ನಾನಿದ್ದ ಮಧ್ಯಾಹ್ನ ಟ್ಯಾಕ್ಸಿ ಓಡಿಸುವ ಹುಡುಗನೊಬ್ಬ ಗೀರು ಬಿದ್ದ ಅಲ್ಯೂಮಿನಿಯಂ ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿದ್ದ. ಮೇಸ್ತ್ರಿ ಬೆಳಕಿಗೆ ಹಿಡಿದು ನೋಡಿದರು, ಅಳೆದರು, ಜೆ.ಸಿ. ರಸ್ತೆಯ ಎರಡು ಅಂಗಡಿಗೆ ಫೋನು ಮಾಡಿ ಪಿಸ್ಟನ್ ಕೇಳಿದರು. ಇರಲಿಲ್ಲ. ಸಾಲದ ಕಂತು ಇನ್ನೂ ಬಾಕಿಯಿದೆ ಎಂದು ಹುಡುಗ ಹೇಳಿದ. ಅವನಿಗೆ ಟೀ ತರಿಸಿ, ಸಮಾಧಾನಕ್ಕೆಂದು ಮೇಸ್ತ್ರಿ ಹೇಳಿದ್ದಿಷ್ಟೇ: "ಗುಜರಿಯಲ್ಲಿ ಬೀಡಿಗಿಂತ ಇದಕ್ಕೆ ರೇಟು ಜಾಸ್ತಿ ಸಿಗುತ್ತಪ್ಪ."