ನಿಮಗಿದು ಗೊತ್ತೆ? ಗಡ್ಡೆಗೂ ಸಕ್ಕರೆಯ ಹಸಿವು

ಮಾಕಳಿಯಿಂದ ತುಮಕೂರು ರಸ್ತೆ ಹಿಡಿದು ಕ್ಯಾನ್ಸರ್ ಪತ್ತೆಯ ಪೆಟ್ ಸ್ಕ್ಯಾನ್‌ಗೆಂದು ಬೆಂಗಳೂರಿಗೆ ಹೊರಟವರು ಬೆಳಗಿನ ಕಾಫಿಯನ್ನೂ ಕುಡಿಯುವಂತಿಲ್ಲ. ಸುಮಾರು ಆರು ಗಂಟೆ ಖಾಲಿ ಹೊಟ್ಟೆ, ನೀರಷ್ಟೇ. ಅಲ್ಲಿ ರಕ್ತನಾಳಕ್ಕೆ ಚುಚ್ಚುವುದು ವಿಕಿರಣಶೀಲ ಫ್ಲೋರಿನ್-18 ಅಂಟಿಸಿದ ಒಂದು ಬಗೆಯ ಸಕ್ಕರೆ. ಆಮೇಲೆ ಗಂಟೆಹೊತ್ತು ಮಾತಾಡದೆ, ಅಲುಗಾಡದೆ ಮಲಗಬೇಕು. ಇಲ್ಲವಾದರೆ ದುಡಿದ ಸ್ನಾಯುಗಳೇ ಸಕ್ಕರೆ ಎಳೆದುಕೊಳ್ಳುತ್ತವೆ. ಸುಮಾರು 110 ನಿಮಿಷದಲ್ಲಿ ಈ ಫ್ಲೋರಿನ್ ಅರ್ಧಕ್ಕಿಳಿಯುತ್ತದೆ.

ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಸಕ್ಕರೆಯನ್ನು ಗಬಗಬನೆ ನುಂಗುತ್ತವೆ. ಆಮ್ಲಜನಕ ಸಾಕಷ್ಟಿದ್ದರೂ ಅದನ್ನು ಪೂರ್ತಿ ಉರಿಸದೆ, ಬಹುಪಾಲನ್ನು ಲ್ಯಾಕ್ಟೇಟ್ ಮಾಡಿ ಹೊರಚೆಲ್ಲುತ್ತವೆ. ಗಡ್ಡೆಗಳ ಈ ಗುಣವನ್ನು 1920ರ ದಶಕದಲ್ಲಿ ಗುರುತಿಸಿದವರು ಜರ್ಮನಿಯ ಒಟ್ಟೊ ವಾರ್‌ಬರ್ಗ್. ಚುಚ್ಚಿದ ಸಕ್ಕರೆಯನ್ನೂ ಹೀಗೆ ನುಂಗುವುದರಿಂದಲೇ ಗಡ್ಡೆ ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ. ಆದರೆ ಕ್ಷಯದ ಗಾಯವೂ ಹೀಗೆಯೇ ಹೊಳೆಯಬಹುದು. ಕ್ಷಯ ಸಾಮಾನ್ಯವಾಗಿರುವ ನಮ್ಮಲ್ಲಿ ಹೊಳಪು ಕಂಡೊಡನೆ ಎದೆಗುಂದಬೇಡಿ, ಬಯಾಪ್ಸಿ ಹೇಳುವವರೆಗೆ ಕಾಯಿರಿ.

ಹಾಗಾದರೆ ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತದೆಯೇ? ಇಲ್ಲ. ನೀವು ತಿನ್ನದಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ಗಡ್ಡೆಯೂ ಹಟಮಾರಿ: ಗ್ಲುಟಮಿನ್‌ನಿಂದಲೂ ಬದುಕುತ್ತದೆ, ಲ್ಯಾಕ್ಟೇಟನ್ನೇ ಮತ್ತೆ ಉರಿಸಿಕೊಳ್ಳುತ್ತದೆ. ಒಂದೇ ದಾರಿ ಮುಚ್ಚಿ ಅದನ್ನು ಮಣಿಸುವುದು ಕಷ್ಟವಾಗಿರುವುದು ಇದಕ್ಕೇ. ದಯವಿಟ್ಟು ರೋಗಿಯನ್ನು ಉಪವಾಸ ಕೆಡವಬೇಡಿ. ತೂಕ ಇಳಿದಷ್ಟೂ ಚಿಕಿತ್ಸೆ ತಾಳುವುದು ಕಷ್ಟ.

ಕೋಶದ ಅಡುಗೆಮನೆಗೇ ಕೈಹಾಕುವ ಮದ್ದು ಈಗಾಗಲೇ ಬಳಕೆಯಲ್ಲಿದೆ. ಕೆಲವು ಬಗೆಯ ಶ್ವಾಸಕೋಶ ಕ್ಯಾನ್ಸರಿಗೆ ಕೊಡುವ ಪೆಮೆಟ್ರೆಕ್ಸೆಡ್, ಫೋಲೇಟ್ ಬಳಸಿ ಡಿಎನ್‌ಎ ಕಟ್ಟುವ ಕಿಣ್ವಗಳನ್ನು ತಡೆಯುತ್ತದೆ. ಆರೋಗ್ಯವಂತ ಕೋಶಗಳಿಗೆ ಪೆಟ್ಟು ತಗ್ಗಲೆಂದು ಅದರ ಜೊತೆಗೇ ಫೋಲಿಕ್ ಆಮ್ಲದ ಮಾತ್ರೆ, ಬಿ12 ಚುಚ್ಚುಮದ್ದು ಕೊಡುತ್ತಾರೆ.